ಬೋರ್ಡೋ ದ್ರಾವಣ

ಮೈಲುತುತ್ತು, ಸುಣ್ಣ ಬೆರೆಸಿದ ನೀಲಿ ಶಿಲೀಂಧ್ರನಾಶಕ. ಹೆಸರು ಬಂದದ್ದು ಫ್ರಾನ್ಸಿನ ವೈನ್ ಸೀಮೆ ಬೋರ್ಡೋದಿಂದ. ದಾರಿಹೋಕರು ಹಣ್ಣು ಕೀಳದಿರಲೆಂದು ಅಲ್ಲಿನ ರೈತರು ರಸ್ತೆಬದಿಯ ದ್ರಾಕ್ಷಿ ಬಳ್ಳಿಗಳಿಗೆ ಇದನ್ನು ಎರಚುತ್ತಿದ್ದರು. ಬೂಜು ತುಪ್ಪಟ ರೋಗಕ್ಕೆ ಉಳಿದ ಬಳ್ಳಿಗಳ ಎಲೆ ಉದುರಿದರೂ ಇವು ಹಸಿರಾಗಿಯೇ ಇದ್ದುದನ್ನು 1882ರಲ್ಲಿ ಸಸ್ಯವಿಜ್ಞಾನಿ ಮಿಲ್ಲಾರ್ಡೆ ಗಮನಿಸಿದರು; 1885ರಲ್ಲಿ ಮದ್ದಿನ ವಿಧಾನ ಪ್ರಕಟಿಸಿದರು.

ಕನ್ನಡದಲ್ಲಿ ಈ ಪದ ದ್ರಾಕ್ಷಿಗಿಂತ ಹೆಚ್ಚು ಬಳಕೆಯಾಗುವುದು ಅಡಿಕೆಯ ಕೊಳೆರೋಗದ ಜೊತೆ. ಮಲೆನಾಡಿನಲ್ಲಿ ‘ಬೋರ್ಡೋ ಹೊಡೆದಾಯ್ತಾ?’ ಎಂದರೆ ಸಾಕು, ‘ದ್ರಾವಣ’ ಬೇಕಿಲ್ಲ. ಶೇ 1ರ ಪಾಕಕ್ಕೆ 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತು, ಸುಣ್ಣ. ಅದ್ದಿದ ಕಬ್ಬಿಣದ ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ.