ದೋವಿಲ್ ರೇಸ್ ಮೈದಾನ: ಡ್ಯೂಕನ ಕನಸು, ನಾರ್ಮಂಡಿಯ ಹುಲ್ಲುಗಾವಲು

ಫ್ರಾನ್ಸಿನ ನಾರ್ಮಂಡಿ ಕರಾವಳಿಯ ದೋವಿಲ್‌ನಲ್ಲಿ ಪಟ್ಟಣವೂ ರೇಸ್ ಮೈದಾನವೂ ಜೊತೆಜೊತೆಗೇ ಹುಟ್ಟಿದವು. 1860ಕ್ಕೆ ಮುಂಚೆ ಅಲ್ಲಿದ್ದದ್ದು ಗುಡ್ಡದ ಮೇಲೊಂದು ಸಣ್ಣ ಹಳ್ಳಿ, ಕೆಳಗೆ ತೂಕ್ ನದಿ ಕಡಲು ಸೇರುವಲ್ಲಿ ಜೌಗು ಮತ್ತು ಮರಳು. ಆಚೆ ದಡದ ತ್ರೂವಿಲ್ ಆಗಲೇ ಹೆಸರುವಾಸಿ.

ಈ ಜೌಗು ನೆಲವನ್ನು ಕೊಂಡವರಲ್ಲಿ ಮುಖ್ಯನಾದವನು ಚಕ್ರವರ್ತಿ ಮೂರನೇ ನೆಪೋಲಿಯನ್ನನ ಮಲಸಹೋದರ, ಡ್ಯೂಕ್ ಶಾರ್ಲ್ ದ ಮೋರ್ನಿ. ವೈದ್ಯ ಜೋಸೆಫ್ ಆಲಿಫ್ ಮತ್ತು ಬ್ಯಾಂಕರ್ ಅರ್ಮಾಂ ದೊನೋಂ ಅವನ ಪಾಲುದಾರರು. 1863ರಲ್ಲಿ ಪ್ಯಾರಿಸ್ಸಿನ ರೈಲು ಬಂತು. 1864ರ ಆಗಸ್ಟಿನಲ್ಲಿ ಮೊದಲ ರೇಸು ನಡೆಯಿತು. ಮರುವರ್ಷ ಮಾರ್ಚಿನಲ್ಲೇ ಮೋರ್ನಿ ತೀರಿಕೊಂಡ. 1870ರಲ್ಲಿ ಸಾಮ್ರಾಜ್ಯವೂ ಬಿತ್ತು.

ದೋವಿಲ್ಲಿನ ಕಥೆಯನ್ನು ಮೋರ್ನಿಯ ಕಥೆಯಾಗಿಯೇ ಹೇಳುವುದು ರೂಢಿ. ಅದು ಅರ್ಧ ಸತ್ಯವೆಂದು ನನ್ನ ನಂಬಿಕೆ. ಪೋಷಕ ಹೋದ ಮೇಲೆ ಪಟ್ಟಣ ಬಹುಕಾಲ ಮಂಕಾಗಿತ್ತು. ಅದಕ್ಕೆ ಮತ್ತೆ ಕಳೆ ಬಂದದ್ದು 1912ರಲ್ಲಿ, ಹೊಸ ಕ್ಯಾಸಿನೊ ಮತ್ತು ನಾರ್ಮಂಡಿ ಹೋಟೆಲ್ ತೆರೆದಾಗ. ಅಷ್ಟೂ ಕಾಲ ಊರಿನ ಹೆಸರನ್ನು ಉಳಿಸಿದ್ದು ಕುದುರೆಗಳು. ಕಾರಣ ಕಡಲಿನ ಕಡೆಗಿಲ್ಲ, ಬೆನ್ನಿಗಿರುವ ಪೇ ದೋಜ್ ಸೀಮೆಯಲ್ಲಿದೆ. ಅಲ್ಲಿನ ಹಸಿ ನೆಲ, ದಟ್ಟ ಹುಲ್ಲು, ತಲೆಮಾರುಗಳ ಕುದುರೆ ಸಾಕಣೆ ಯಾವ ಡ್ಯೂಕನೂ ತಂದಿಟ್ಟದ್ದಲ್ಲ. 1865ರಲ್ಲಿ ಇಂಗ್ಲೆಂಡಿನ ಡರ್ಬಿ ಸೇರಿ ಮೂರೂ ಮಹಾ ಓಟಗಳನ್ನು ಗೆದ್ದು ಫ್ರೆಂಚರನ್ನು ಹುಚ್ಚೆಬ್ಬಿಸಿದ ಗ್ಲಾದಿಯಾತರ್ ಕೂಡ ನಾರ್ಮಂಡಿಯಲ್ಲಿ ಹುಟ್ಟಿದ ಕುದುರೆಯೇ.

ರೇಸಿಗೂ ಕುದುರೆ ಸಾಕಣೆಗೂ ಇರುವ ಈ ನಂಟು ಮೈದಾನದ ಓಟಗಳಲ್ಲೂ ಕಾಣುತ್ತದೆ. 1865ರಲ್ಲಿ ಶುರುವಾಗಿ ಮುಂದೆ ಮೋರ್ನಿಯ ಹೆಸರು ಪಡೆದ ಓಟ ಎರಡು ವರ್ಷದ ಎಳೆಯ ಕುದುರೆಗಳದು. ಈಗ ಅದರ ದೂರ 1200 ಮೀಟರ್, ನೇರ ದಾರಿ. ಸಾಕಿದವನ ತಳಿಯ ಲೆಕ್ಕಾಚಾರ ಮೊದಲ ಸಲ ಬಯಲಿಗೆ ಬರುವುದೇ ಇಂಥ ಓಟಗಳಲ್ಲಿ. 1887ರಲ್ಲಿ ಒಂದು ವರ್ಷದ ಮರಿಗಳ ಹರಾಜೂ ಆರಂಭವಾಯಿತು. ಬೆನ್ನ ಮೇಲೆ ಇನ್ನೂ ಯಾರೂ ಕೂತು ಓಡಿಸದ ಮರಿಯನ್ನು ಆಳು ಹಗ್ಗ ಹಿಡಿದು ಸುತ್ತು ನಡೆಸುತ್ತಾನೆ; ಕೊಳ್ಳುವವರು ಅದರ ಕಾಲು, ಹೆಜ್ಜೆ ನೋಡುತ್ತಾರೆ, ಕೈಯಲ್ಲಿರುವ ಪಟ್ಟಿಯಲ್ಲಿ ತಾಯಿಯ ವಂಶ ಓದುತ್ತಾರೆ. ಆಗಸ್ಟಿನ ರೇಸಿಗೆಂದು ಹಣವಂತ ಮಾಲೀಕರೆಲ್ಲ ಊರಿನಲ್ಲೇ ಇರುವಾಗ ಇದಕ್ಕಿಂತ ಒಳ್ಳೆಯ ಸಂತೆ ಬೇರೆಲ್ಲಿ?

1891ರ ಜೂನ್ 2ರ ಕಾನೂನು ಈ ನಂಟನ್ನು ಇಡೀ ದೇಶಕ್ಕೆ ಅನ್ವಯಿಸಿತು. ಕುದುರೆ ತಳಿಯ ಸುಧಾರಣೆಯೇ ಉದ್ದೇಶವಾಗಿರುವ ಸಂಘಗಳಿಗೆ ಮಾತ್ರ ರೇಸು ನಡೆಸುವ ಹಕ್ಕು ಕೊಟ್ಟು, ಪಣದ ಹಣವನ್ನೆಲ್ಲ ಒಂದೆಡೆ ಕೂಡಿಸಿ ಗೆದ್ದವರಿಗೆ ಹಂಚುವ ಪದ್ಧತಿಗೆ ಒಪ್ಪಿಗೆಯಿತ್ತಿತು. ಬೆಂಗಳೂರು, ಮೈಸೂರಿನ ರೇಸಿಗರು 'ಟೋಟ್' ಎನ್ನುವುದು ಇದೇ ಪದ್ಧತಿಯನ್ನು; ಇದನ್ನು 1860ರ ದಶಕದಲ್ಲಿ ರೂಪಿಸಿದವನು ಪ್ಯಾರಿಸ್ಸಿನ ಜೋಸೆಫ್ ಒಲ್ಲೆರ್. ಫ್ರಾನ್ಸಿನ ಪ್ರಾಂತೀಯ ಮೈದಾನಗಳು ಬಾಳಿದ್ದರಲ್ಲಿ ಈ ಕಾನೂನಿನ ಪಾಲು ದೊಡ್ಡದು.

1921ರಲ್ಲಿ ಆರಂಭವಾದ ಜಾಕ್ ಲ ಮರ್ವಾ ಓಟ ದೋವಿಲ್ಲಿನ ಕಿರೀಟ. ತಿರುವೇ ಇಲ್ಲದ 1600 ಮೀಟರ್. ಒಳಬದಿಯ ಲಾಭ ಯಾರಿಗೂ ಇಲ್ಲ, ಕುದುರೆಯ ದಮ್ಮೇ ತೀರ್ಪು. 1987 ಮತ್ತು 1988ರಲ್ಲಿ ಮಿಯೆಸ್ಕ್ ಎಂಬ ಹೆಣ್ಣುಕುದುರೆ ಎರಡು ಬಾರಿ ಇದನ್ನು ಗೆದ್ದಿತು. ಎರಡನೇ ಮಹಾಯುದ್ಧದಲ್ಲಿ ಈ ಕರಾವಳಿ ಜರ್ಮನ್ ಸೇನೆಯ ವಶವಾದಾಗ ದೋವಿಲ್ಲಿನ ಓಟಗಳು ಬೇರೆ ಮೈದಾನಗಳಿಗೆ ವಲಸೆ ಹೋಗಿ ಮತ್ತೆ ಮರಳಿದವು. 2003ರಲ್ಲಿ ಹುಲ್ಲಿನ ಪಕ್ಕದಲ್ಲೇ ಕೃತಕ ನೆಲದ ಟ್ರ್ಯಾಕ್ ಬಂದು, ಬೇಸಿಗೆಯ ಮೈದಾನ ಚಳಿಗಾಲದಲ್ಲೂ ರೇಸು ನಡೆಸತೊಡಗಿತು.