ಮನೆಯಲ್ಲೇ ಕಾರಿನ ಎತ್ತರ ತಗ್ಗಿಸುವಿರಾ? ಸ್ಪ್ರಿಂಗ್ ಬಿಚ್ಚುವ ಮೊದಲು ಇಷ್ಟು ತಿಳಿದಿರಲಿ

ಕಾರು ನೆಲಕ್ಕೆ ಅಂಟಿದಂತೆ ಕಾಣಬೇಕು, ತಿರುವಿನಲ್ಲಿ ವಾಲಬಾರದು ಎಂಬ ಆಸೆ ಇರುವವರು ಮೊದಲು ಕೈ ಹಾಕುವುದು ಸ್ಪ್ರಿಂಗಿಗೆ. ಕಂಪನಿಯ ಸ್ಪ್ರಿಂಗ್ ತೆಗೆದು ಗಿಡ್ಡ ಸ್ಪ್ರಿಂಗ್ ಕೂರಿಸಿದರೆ ಕಾರು ಸುಮಾರು 30 ಮಿ.ಮೀ. ತಗ್ಗುತ್ತದೆ. ಟೂಲ್ ಬಾಕ್ಸ್ ಇದ್ದವರು ರಜಾ ದಿನದಲ್ಲಿ ಮನೆಯಲ್ಲೇ ಈ ಕೆಲಸ ಮುಗಿಸುವುದೂ ಉಂಟು. ಆದರೆ ಇದರಲ್ಲಿ ಪ್ರಾಣಕ್ಕೇ ಎರವಾಗಬಲ್ಲ ಹಂತವೊಂದಿದೆ.

ಮೊದಲು ಲೆಕ್ಕ ನೋಡಿ

ಮಾರುತಿ ಸುಜುಕಿ ಸ್ವಿಫ್ಟ್ ಅನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2018ರ ಮಾದರಿಯ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. 30 ಮಿ.ಮೀ. ತಗ್ಗಿಸಿದರೆ ಉಳಿಯುವುದು 133. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರುತ್ತದೆ. ಸ್ವಿಫ್ಟ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.45 ಮೀಟರ್. ಅಂದರೆ ಕಾರು ಉಬ್ಬಿನ ನಟ್ಟನಡುವೆ ಬಂದಾಗ ನಾಲ್ಕೂ ಚಕ್ರಗಳು ಅದರ ಮೇಲೆಯೇ ಇರುತ್ತವೆ. ಕಾರಿನ ಹೊಟ್ಟೆಯತ್ತ ಉಬ್ಬು ಏರುವುದು ಸುಮಾರು 4.5 ಸೆಂ.ಮೀ. ಮಾತ್ರ. ತಗ್ಗಿಸಿದ ಕಾರೂ ಆರಾಮವಾಗಿ ದಾಟುತ್ತದೆ.

ಗಲ್ಲಿಗಳಲ್ಲಿ ರಾತ್ರೋರಾತ್ರಿ ಏಳುವ ಅವೈಜ್ಞಾನಿಕ ಉಬ್ಬುಗಳ ಕಥೆ ಬೇರೆ. ಒಂದಡಿ ಅಗಲದ, ಅಷ್ಟೇ ಎತ್ತರದ ಉಬ್ಬು ಚಕ್ರಗಳ ನಡುವೆ ಪೂರ್ತಿ 10 ಸೆಂ.ಮೀ. ಎದ್ದು ನಿಲ್ಲುತ್ತದೆ. ಉಳಿಯುವುದು 33 ಮಿ.ಮೀ. ಹಿಂದಿನ ಸೀಟಿನಲ್ಲಿ ಮೂವರು ಕುಳಿತರೆ ಅದೂ ಕಡಿಮೆಯಾಗುತ್ತದೆ. ದಿನವೂ ಇಂಥ ಗಲ್ಲಿಯಲ್ಲೇ ಓಡಾಡುವವರು, ಮಳೆಗಾಲದಲ್ಲಿ ನೀರು ನಿಲ್ಲುವ ಮುಂಬೈ, ಚೆನ್ನೈ ಬಡಾವಣೆಗಳಲ್ಲಿ ಇರುವವರು ಈ ಯೋಚನೆಯನ್ನು ಇಲ್ಲಿಗೇ ಬಿಡುವುದು ಒಳಿತು.

ಅಪಾಯ ಇರುವುದು ಒಂದು ನಟ್‌ನಲ್ಲಿ

ಸ್ವಿಫ್ಟ್‌ನಂಥ ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುತ್ತದೆ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆ. ಅದುಮಿದ ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಸ್ಟ್ರಟ್‌ನ ತುದಿಯಲ್ಲಿರುವ ಒಂದೇ ನಟ್. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಅದನ್ನು ಬಿಚ್ಚಿದರೆ ಇಡೀ ಜೋಡಣೆ ಸಿಡಿದು ಮುಖಕ್ಕೋ ಎದೆಗೋ ಬಡಿಯುತ್ತದೆ. ಕೈಬೆರಳು ಹೋಗುವುದಂತೂ ಸಣ್ಣ ಮಾತು.

ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ಕಾರು ನಿಲ್ಲಿಸಿ, ಎತ್ತದಿರುವ ಚಕ್ರಗಳಿಗೆ ಅಡೆ ಕೊಟ್ಟು, ಜಾಕ್‌ನಿಂದ ಎತ್ತಿದ ಮೇಲೆ ಭಾರವನ್ನು ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಬೇಕು. ಬರೀ ಜಾಕ್ ನಂಬಿ ಕಾರಿನ ಕೆಳಗೆ ನುಸುಳುವುದು ಬೇಡವೇ ಬೇಡ. ಚಕ್ರ ತೆಗೆದ ಬಳಿಕ ಸ್ಟ್ರಟ್‌ಗೆ ಬಿಗಿದ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಬಿಡಿಸಿ, ಹಬ್ ಜೋತುಬೀಳದಂತೆ ಆಧಾರ ಕೊಟ್ಟು, ಕೆಳಗಿನ ಎರಡು ಬೋಲ್ಟ್ ಮತ್ತು ಬಾಡಿಗೆ ಬಿಗಿದಿರುವ ಮೇಲಿನ ನಟ್‌ಗಳನ್ನು ಬಿಚ್ಚಿದರೆ ಸ್ಟ್ರಟ್ ಹೊರಬರುತ್ತದೆ.

ಕಂಪ್ರೆಸರ್‌ನ ಎರಡು ಕೊಕ್ಕೆಗಳನ್ನು ಸ್ಪ್ರಿಂಗ್‌ನ ಎದುರುಬದುರು ಬದಿಗೆ ಹಾಕಿ, ಒಮ್ಮೆ ಇತ್ತ ಒಮ್ಮೆ ಅತ್ತ ಕೆಲವೇ ಸುತ್ತು ಕೈಯಿಂದಲೇ ಬಿಗಿಯಬೇಕು. ಇಂಪ್ಯಾಕ್ಟ್ ಗನ್ ಬಳಸಬಾರದು. ಸ್ಪ್ರಿಂಗ್ ತನ್ನ ಸೀಟಿನಿಂದ ಸಡಿಲವಾಗಿ ಕೈಗೆ ಅಲುಗಾಡಿದ ಮೇಲಷ್ಟೇ ಆ ನಟ್‌ಗೆ ಸ್ಪ್ಯಾನರ್. ಆಗಲೂ ಸ್ಟ್ರಟ್‌ನ ತುದಿ ಯಾರ ಕಡೆಗೂ ಮುಖ ಮಾಡಿರಬಾರದು. ಹೊಸ ಸ್ಪ್ರಿಂಗ್‌ನ ತುದಿ ಸೀಟಿನ ಗುರುತಿಗೆ ಸರಿಯಾಗಿ ಕೂರಬೇಕು. ಬಂಪ್ ಸ್ಟಾಪ್ ರಬ್ಬರನ್ನು ಕತ್ತರಿಸುವುದು ಸ್ಪ್ರಿಂಗ್ ತಯಾರಕರು ಹೇಳಿದ್ದರೆ ಮಾತ್ರ.

ಹಿಂಭಾಗ ಹೋಲಿಕೆಯಲ್ಲಿ ಸಲೀಸು. ಅಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬೇರೆ ಬೇರೆ. ಆಕ್ಸಲ್ ಕೆಳಗೆ ಜಾಕ್ ಕೊಟ್ಟು, ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ತೆಗೆದು, ಬ್ರೇಕ್ ಹೋಸ್ ಎಳೆಯದಂತೆ ನಿಧಾನವಾಗಿ ಇಳಿಸಿದರೆ ಸ್ಪ್ರಿಂಗ್ ಕೈಗೇ ಬರುತ್ತದೆ. ಆ ಬೋಲ್ಟನ್ನು ಕೊನೆಯದಾಗಿ ಬಿಗಿಯುವುದು ಮಾತ್ರ ಆಕ್ಸಲ್ ಮೇಲೆ ಕಾರಿನ ಭಾರ ಬಿದ್ದ ಮೇಲೆ. ಇಲ್ಲದಿದ್ದರೆ ರಬ್ಬರ್ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಎಲ್ಲ ಬೋಲ್ಟ್‌ಗಳಿಗೂ ಸರ್ವಿಸ್ ಮ್ಯಾನುವಲ್‌ನಲ್ಲಿರುವ ಅಳತೆಯಂತೆ ಟಾರ್ಕ್ ರೆಂಚ್ ಬಳಸಬೇಕು.

ಕಾರು ತಗ್ಗಿದಾಗ ಚಕ್ರಗಳ ಕೋನವೂ ಬದಲಾಗುತ್ತದೆ. ಕೆಲವು ದಿನ ಓಡಿಸಿ ಸ್ಪ್ರಿಂಗ್ ಕೂತ ಮೇಲೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟಯರ್‌ನ ಒಳ ಅಂಚು ಸವೆದುಹೋಗುತ್ತದೆ. ಹೊರಗಿನಿಂದ ಅದು ಕಾಣುವುದೂ ಇಲ್ಲ. ಶಾಕ್ ಅಬ್ಸಾರ್ಬರ್ ಹಳೆಯದಾಗಿದ್ದರೆ ಇದೇ ವೇಳೆ ಬದಲಿಸುವುದು ಲೇಸು. ಗಟ್ಟಿ ಸ್ಪ್ರಿಂಗನ್ನು ಅದು ತಡೆಯಲಾರದೆ ಕಾರು ಕುಪ್ಪಳಿಸುತ್ತದೆ.

ಖರ್ಚು ಉಳಿಸಲು ಹಳೆಯ ಸ್ಪ್ರಿಂಗ್‌ನ ಒಂದು ಸುತ್ತು ಕತ್ತರಿಸಿಕೊಡುವ ಗ್ಯಾರೇಜುಗಳಿವೆ. ಗ್ಯಾಸ್ ಕಟರ್‌ನ ಬಿಸಿಗೆ ಉಕ್ಕು ಹದ ಕಳೆದುಕೊಳ್ಳುತ್ತದೆ. ಚಕ್ರ ಗುಂಡಿಗೆ ಇಳಿದು ಪೂರ್ತಿ ಜೋತಾಗ ಮೊಟಕಾದ ಸ್ಪ್ರಿಂಗ್ ಸೀಟಿನಿಂದಲೇ ಜಾರಬಹುದು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ ಕೇಂದ್ರದ್ದು. ಹಾಗಾಗಿ ಕೆಎ ನೋಂದಣಿಯ ಕಾರು ಪುಣೆಯಲ್ಲಿ ಓಡಿದರೂ ನಿಯಮ ಬದಲಾಗದು. ಆರ್‌ಸಿಯಲ್ಲಿನ ವಿವರಗಳು ತಯಾರಕರು ನಿಗದಿಪಡಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 52ನೇ ಸೆಕ್ಷನ್ ನಿಷೇಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂ. ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಬಹುದು. ಸ್ಪ್ರಿಂಗ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. ಬಿಚ್ಚಿದ ಮೂಲ ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕದೆ ಇಟ್ಟುಕೊಂಡರೆ ಕಾರು ಮಾರುವಾಗ ಬೇಕಾಗುತ್ತವೆ.