ಬಾಣಂತಿ ಎದ್ದು ನಡೆದ ಕತೆ

ಮಗು ಹುಟ್ಟಿದ ಸುದ್ದಿ ಬಂದರೆ ನಮ್ಮ ಮನೆಗಳಲ್ಲಿ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಎಂದು. ಎರಡನೆಯದು, ‘ನಾರ್ಮಲ್ಲಾ, ಸಿಜೇರಿಯನ್ನಾ?’ ಈ ಎರಡನೆಯ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ವಾಕ್ಯದ ಕರ್ತೃವೇ ಬದಲಾಗುತ್ತದೆ. ‘ಬೆಳಗಿನ ಜಾವ ಹೆತ್ತಳು’ ಎಂದರೆ ಕೆಲಸ ಮಾಡಿದವಳು ತಾಯಿ. ‘ಆಪರೇಷನ್ ಮಾಡಿ ತೆಗೆದರು’ ಎಂದರೆ ಕೆಲಸ ಮಾಡಿದವರು ಡಾಕ್ಟರು. ತಾಯಿ ಆ ವಾಕ್ಯದಲ್ಲೇ ಇಲ್ಲ. ಆದರೆ ಮರುದಿನದಿಂದ ಇಬ್ಬರಿಗೂ ಒಂದೇ ಹೆಸರು: ಬಾಣಂತಿ.

ಈ ಒಂದು ಹೆಸರಿನ ಅಡಿಯಲ್ಲಿ ಎರಡು ಬಗೆಯ ಚೇತರಿಕೆಗಳಿವೆ. ಒಂದಕ್ಕೆ ಮನುಷ್ಯಕುಲದಷ್ಟೇ ವಯಸ್ಸು. ಇನ್ನೊಂದು ನೆಚ್ಚಬಹುದಾದ ಸಂಗತಿಯಾಗಿ ಇನ್ನೂ ನೂರೈವತ್ತು ವರ್ಷ ಆಗಿಲ್ಲ.

ತಾಯಿ ಬದುಕದ ಕಾಲ

ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವ ಯೋಚನೆ ಮಾತ್ರ ಬಹಳ ಹಳೆಯದು. ತುಂಬು ಗರ್ಭಿಣಿ ತೀರಿಕೊಂಡರೆ ಮಗುವನ್ನು ಹೊರತೆಗೆಯದೆ ಹೂಳಬಾರದು ಎಂದು ಪ್ರಾಚೀನ ರೋಮಿನ ಕಾನೂನು ಹೇಳುತ್ತಿತ್ತು. ತಾಯಿ ಸತ್ತ ಮೇಲೂ ಹೊಟ್ಟೆ ಮಿಸುಕುತ್ತಿದ್ದರೆ ಕೊಯ್ದು ಮಗುವನ್ನು ತೆಗೆಯಬೇಕು ಎಂಬ ಮಾತು ಸುಶ್ರುತಸಂಹಿತೆಯಲ್ಲೂ ಇದೆ. ಎರಡೂ ಕಡೆ ತಾಯಿ ಆಗಲೇ ಹೋಗಿರುತ್ತಾಳೆ. ಜೂಲಿಯಸ್ ಸೀಸರ್ ಹೀಗೆ ಹುಟ್ಟಿದ, ಅದರಿಂದಲೇ ಸಿಜೇರಿಯನ್ ಎಂಬ ಹೆಸರು ಬಂತು ಎನ್ನುವ ಕತೆ ನಿಲ್ಲದಿರುವುದೂ ಇದಕ್ಕೇ. ಅವನ ತಾಯಿ ಔರೇಲಿಯಾ, ಮಗ ದೊಡ್ಡ ಸೇನಾಪತಿಯಾಗುವವರೆಗೂ ಬದುಕಿದ್ದಳು.

ಜೀವಂತ ತಾಯಿಗೂ ಈ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು ಫ್ರಾನ್ಸಿನ ಫ್ರಾಂಸ್ವಾ ರೂಸೆ 1581ರಲ್ಲಿ ಪುಸ್ತಕ ಬರೆದ. ಮಾಡಿದವರ ಅನುಭವ ಬೇರೆಯೇ ಆಗಿತ್ತು. 1787ರಿಂದ 1876ರವರೆಗೆ ಪ್ಯಾರಿಸ್ ನಗರದಲ್ಲಿ ಸಿಜೇರಿಯನ್ ಆದ ಒಬ್ಬ ತಾಯಿಯೂ ಬದುಕಲಿಲ್ಲ. 1826ರಲ್ಲಿ ಕೇಪ್‌ಟೌನಿನಲ್ಲಿ ಬ್ರಿಟಿಷ್ ಸೇನಾ ವೈದ್ಯ ಜೇಮ್ಸ್ ಬ್ಯಾರಿ ತಾಯಿ ಮಗು ಇಬ್ಬರನ್ನೂ ಉಳಿಸಿದ್ದು ಇಂದಿಗೂ ನೆನಪಿನಲ್ಲಿದೆ ಎಂದರೆ, ಅಂಥ ಗೆಲುವು ಎಷ್ಟು ಅಪರೂಪವಾಗಿತ್ತು ಎಂದೇ ಅರ್ಥ.

ಅಚ್ಚರಿಯ ಇನ್ನೊಂದು ದಾಖಲೆ ಬಂದದ್ದು ಆಫ್ರಿಕಾದಿಂದ. ಇಂದಿನ ಉಗಾಂಡಾದ ಬುನ್ಯೋರೋ ಪ್ರದೇಶದಲ್ಲಿ ರಾಬರ್ಟ್ ಫೆಲ್ಕಿನ್ ಎಂಬ ಪ್ರವಾಸಿ 1879ರಲ್ಲಿ ಒಂದು ಸಿಜೇರಿಯನ್ ಕಣ್ಣಾರೆ ಕಂಡ. ಸ್ಥಳೀಯ ವೈದ್ಯ ಬಾಳೆಹಣ್ಣಿನ ಮದ್ಯವನ್ನು ಆಕೆಗೆ ಕುಡಿಸಿ, ಅದರಿಂದಲೇ ತನ್ನ ಕೈಯನ್ನೂ ಆಕೆಯ ಹೊಟ್ಟೆಯನ್ನೂ ತೊಳೆದ. ಮಗುವನ್ನು ತೆಗೆದ ಮೇಲೆ ಹೊಟ್ಟೆಯ ಗಾಯವನ್ನು ತೆಳ್ಳನೆಯ ಕಬ್ಬಿಣದ ಮೊಳೆಗಳಿಂದ ಕೂಡಿಸಿ, ಮರದ ತೊಗಟೆಯ ದಾರ ಬಿಗಿದು, ಬೇರು ಅರೆದ ಲೇಪ ಹಚ್ಚಿದ. ಮೂರನೆಯ ದಿನದಿಂದ ಮೊಳೆಗಳನ್ನು ಒಂದಷ್ಟೊಂದಷ್ಟಾಗಿ ತೆಗೆದರು. ಹನ್ನೊಂದನೆಯ ದಿನಕ್ಕೆ ಗಾಯ ಮಾಯ್ದಿತ್ತು. ಫೆಲ್ಕಿನ್ ಇದನ್ನು 1884ರಲ್ಲಿ ಎಡಿನ್‌ಬರೋದಲ್ಲಿ ಪ್ರಕಟಿಸಿದ. ಕೈಚಳಕ ನೋಡಿದರೆ ಅದು ಆ ವೈದ್ಯನಿಗೆ ಮೊದಲನೆಯದಾಗಿರಲಿಲ್ಲ ಎನ್ನುವುದು ಸ್ಪಷ್ಟವಿತ್ತು.

ಒಂದು ಹೊಲಿಗೆ

ಯುರೋಪಿನ ದೊಡ್ಡ ಆಸ್ಪತ್ರೆಗಳಲ್ಲಿ ತಾಯಂದಿರು ಸಾಯುತ್ತಿದ್ದುದಕ್ಕೆ ಎರಡು ಕಾರಣ: ನಂಜು ಮತ್ತು ರಕ್ತಸ್ರಾವ. ರಕ್ತಸ್ರಾವದ ಹಿಂದೆ ಒಂದು ತಪ್ಪು ನಂಬಿಕೆಯಿತ್ತು. ಗರ್ಭಕೋಶ ತಾನಾಗಿಯೇ ಮುದುಡಿಕೊಳ್ಳುತ್ತದೆ, ಅದಕ್ಕೆ ಹೊಲಿಗೆ ಬೇಡ ಎಂದು ಶಸ್ತ್ರವೈದ್ಯರು ತಿಳಿದಿದ್ದರು. ಹೊಲಿಗೆ ಹಾಕಿದರೂ ಹೊಟ್ಟೆಯ ಒಳಗಿನದನ್ನು ಆಮೇಲೆ ಬಿಚ್ಚುವುದು ಹೇಗೆ ಎಂಬ ಅಳುಕೂ ಇತ್ತು. ಹಾಗಾಗಿ ಹೊರಗಿನ ಚರ್ಮವನ್ನಷ್ಟೇ ಹೊಲಿಯುತ್ತಿದ್ದರು. ಒಳಗೆ ಗರ್ಭಕೋಶ ಬಾಯಿ ತೆರೆದುಕೊಂಡೇ ಇರುತ್ತಿತ್ತು.

ಇಟಲಿಯ ಪಾವಿಯಾ ನಗರದ ಎದ್ವಾರ್ದೋ ಪೋರೋ 1876ರ ಮೇ 21ರಂದು ಇದಕ್ಕೊಂದು ಕಟುವಾದ ಪರಿಹಾರ ಕಂಡುಕೊಂಡ. ಹೆರಿಗೆಗೆ ಬಂದಿದ್ದ ಯುವತಿಯ ಸೊಂಟದ ಮೂಳೆಗಳು ಸೊಟ್ಟಗಾಗಿದ್ದವು. ಮಗು ಹೊರಬರುವ ದಾರಿ ಇರಲಿಲ್ಲ. ಮಗುವನ್ನು ತೆಗೆದ ಕೂಡಲೇ ಪೋರೋ ಗರ್ಭಕೋಶವನ್ನೂ ಕತ್ತರಿಸಿ ತೆಗೆದ. ತಾಯಿ ಮಗು ಇಬ್ಬರೂ ಬದುಕಿದರು. ಆಕೆ ಮತ್ತೆಂದೂ ಬಸಿರಾಗುವಂತಿರಲಿಲ್ಲ, ಆದರೆ ಎದ್ದು ಮನೆಗೆ ಹೋದಳು.

ಆರು ವರ್ಷಗಳ ಬಳಿಕ, 1882ರಲ್ಲಿ, ಲೈಪ್‌ಜಿಗ್‌ನ ಮ್ಯಾಕ್ಸ್ ಸೆಂಗರ್ ಎಂಬ ತರುಣ ವೈದ್ಯ ಗರ್ಭಕೋಶವನ್ನು ಕೀಳಬೇಕಾಗಿಲ್ಲ, ಹೊಲಿದರೆ ಸಾಕು ಎಂದು ವಾದಿಸಿ ಪ್ರಬಂಧ ಬರೆದ. ಬೆಳ್ಳಿಯ ತಂತಿ ಮತ್ತು ರೇಷ್ಮೆ ದಾರದಿಂದ ಗರ್ಭಕೋಶದ ಗೋಡೆಯನ್ನು ಪದರ ಪದರವಾಗಿ ಹೊಲಿಯುವುದು ಅವನ ವಿಧಾನ. ಸಿಜೇರಿಯನ್ನಿನ ಬಳಿಕ ‘ಚೇತರಿಕೆ’ ಎಂಬುದೊಂದು ಇರಬಹುದು ಎಂಬ ಭರವಸೆ ಹುಟ್ಟಿದ್ದು ಅಲ್ಲಿಂದ.

ಮುಂದಿನ ಹೆಜ್ಜೆ ಕೊಯ್ಯುವ ಜಾಗಕ್ಕೆ ಸಂಬಂಧಿಸಿದ್ದು. ಆಗ ಗರ್ಭಕೋಶದ ದಪ್ಪ ಮೇಲ್ಭಾಗವನ್ನು ಉದ್ದಕ್ಕೆ ಸೀಳುತ್ತಿದ್ದರು. ರಕ್ತ ಹೆಚ್ಚು ಹೋಗುತ್ತಿತ್ತು. ಮುಂದಿನ ಬಸಿರಿನಲ್ಲಿ ಆ ಗಾಯದ ಗುರುತು ಬಿರಿಯುವ ಅಪಾಯವಿತ್ತು. ಒಮ್ಮೆ ಸಿಜೇರಿಯನ್ ಆದರೆ ಯಾವಾಗಲೂ ಸಿಜೇರಿಯನ್ನೇ ಎಂಬ ಮಾತು ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ 1916ರಲ್ಲಿ ಆಡಿದ್ದು, ಇದೇ ಉದ್ದ ಸೀಳಿನ ಕಾಲದಲ್ಲಿ. ಗರ್ಭಕೋಶದ ಕೆಳಗಿನ ತೆಳು ಭಾಗವನ್ನು ಅಡ್ಡಕ್ಕೆ ಕೊಯ್ಯುವುದನ್ನು ಜರ್ಮನಿಯ ಕೆಹ್ರರ್ 1881ರಲ್ಲೇ ಮಾಡಿದ್ದ. ಗ್ಲಾಸ್ಗೋದ ಮನ್ರೋ ಕರ್ 1920ರ ದಶಕದಲ್ಲಿ ಅದನ್ನು ಬಳಕೆಗೆ ತಂದ. ಇಂದು ಬಹುಪಾಲು ಸಿಜೇರಿಯನ್ನುಗಳು ನಡೆಯುವುದು ಹೀಗೆಯೇ. ರಕ್ತ ಕೊಡುವ ವ್ಯವಸ್ಥೆ, ಪೆನ್ಸಿಲಿನ್, ಬೆನ್ನಿಗೆ ಕೊಡುವ ಅರಿವಳಿಕೆ ಜೊತೆಗೂಡಿದ ಮೇಲೆ ತಾಯಿ ಬದುಕುವುದು ಸಾಮಾನ್ಯ ಸಂಗತಿಯಾಯಿತು.

ಹಾಸಿಗೆಯ ಲೆಕ್ಕ

ಹಾಗೆಂದು ಸಹಜ ಹೆರಿಗೆಯ ಚೇತರಿಕೆ ಎಲ್ಲ ಕಾಲಕ್ಕೂ ಸಲೀಸಾಗಿತ್ತು ಎಂದಲ್ಲ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಬಸುರಿಯರು ಸೂಲಗಿತ್ತಿಯರ ವಿಭಾಗವೇ ಬೇಕೆಂದು ಅಂಗಲಾಚುತ್ತಿದ್ದರು. ಇನ್ನೊಂದರಲ್ಲಿ ಹೆತ್ತವರು ಕೆಲವೇ ದಿನಗಳಲ್ಲಿ ಜ್ವರ ಬಂದು ಸಾಯುತ್ತಿದ್ದರು. 1847ರ ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18 ಮಂದಿ. ಹೆಣ ಕೊಯ್ದ ಕೈಯನ್ನು ಕ್ಲೋರಿನ್ ನೀರಿನಲ್ಲಿ ತೊಳೆದೇ ಬಾಣಂತಿಯರನ್ನು ಮುಟ್ಟಬೇಕೆಂದು ಇಗ್ನಾಜ್ ಸೆಮೆಲ್‌ವೈಸ್ ನಿಯಮ ಮಾಡಿದ ಮೇಲೆ, ಜೂನ್ ಹೊತ್ತಿಗೆ ಆ ಸಂಖ್ಯೆ ಎರಡರ ಆಸುಪಾಸಿಗೆ ಇಳಿಯಿತು. ನಮ್ಮಲ್ಲಿ ‘ಬಾಣಂತಿ ಸನ್ನಿ’ ಎಂಬ ಮಾತಿನಲ್ಲಿ ಉಳಿದಿರುವುದು ಇಂಥದೇ ಭಯ.

ಜ್ವರದ ಭಯ ಇಳಿದರೂ ಮಲಗಿಸುವ ಪದ್ಧತಿ ಇಳಿಯಲಿಲ್ಲ. ಯುರೋಪು, ಅಮೆರಿಕಾಗಳಲ್ಲಿ ಬಾಣಂತಿಯನ್ನು ಹತ್ತು ಹನ್ನೆರಡು ದಿನ ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಾಸಿಗೆ, ದಾದಿಯರು ಸಾಲದೆ ಬಂದಾಗ ಬೇಗ ಎಬ್ಬಿಸುವುದು ಅನಿವಾರ್ಯವಾಯಿತು. ಬೇಗ ನಡೆದವರು ಕೆಡಲಿಲ್ಲ, ಬೇಗ ಸುಧಾರಿಸಿದರು. ಅಲುಗದೆ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಈ ಅಪಾಯ ಸಿಜೇರಿಯನ್ ಆದವರಿಗೆ ಇನ್ನೂ ಹೆಚ್ಚು. ಹೊಟ್ಟೆ ಕೊಯ್ಸಿಕೊಂಡವಳನ್ನು ಒಂದು ದಿನದೊಳಗೇ ನರ್ಸ್ ಬಂದು ಕೈಹಿಡಿದು ಎಬ್ಬಿಸುವುದರ ಹಿಂದೆ ಇರುವುದು ಈ ಪಾಠ.

ಇತ್ತ ‘ನಾರ್ಮಲ್’ ಎಂಬುದೂ ಕತ್ತರಿ ಮುಟ್ಟದ ಹೆರಿಗೆಯಾಗಿ ಉಳಿಯಲಿಲ್ಲ. ಮಗುವಿನ ತಲೆಗೆ ದಾರಿ ಮಾಡಲು ಯೋನಿದ್ವಾರದ ಬಳಿ ಕೊಯ್ದು ಹೊಲಿಯುವುದನ್ನು ಷಿಕಾಗೋದ ಜೋಸೆಫ್ ಡಿಲೀ 1920ರಲ್ಲಿ ಮುಂಜಾಗ್ರತೆಯಾಗಿ ಸೂಚಿಸಿದ. ಕಾಲಕ್ರಮೇಣ ಅದು ಎಷ್ಟೋ ಆಸ್ಪತ್ರೆಗಳಲ್ಲಿ ರೂಢಿಯಾಯಿತು. ಎಲ್ಲರಿಗೂ ಹಾಗೆ ಮಾಡುವುದು ಬೇಡ ಎಂದು ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎರಡು ದೇಹ, ಒಂದು ಬಾಣಂತನ

ಇಬ್ಬರ ದೇಹದಲ್ಲೂ ನಡೆಯುವುದು ಬಹಳಷ್ಟು ಒಂದೇ. ಹೆರಿಗೆಯಾದಾಗ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ, ಆರು ವಾರಗಳಲ್ಲಿ ನೂರು ಗ್ರಾಮಿಗಿಂತ ಕೆಳಗೆ ಇಳಿಯುತ್ತದೆ. ಬಾಣಂತಿಯ ಪಥ್ಯಕ್ಕೆ ಸುಶ್ರುತ ಹೇಳಿದ ಅವಧಿಯೂ ಒಂದೂವರೆ ತಿಂಗಳೇ. ವ್ಯತ್ಯಾಸ ಗಾಯದಲ್ಲಿದೆ. ಸಹಜ ಹೆರಿಗೆಯಾದವಳು ಒಂದೆರಡು ದಿನದಲ್ಲಿ ಮನೆಗೆ ಬರಬಹುದು, ಆದರೆ ಕೂರುವುದು ಕಷ್ಟ. ಸೊಂಟದ ತಳದ ಸ್ನಾಯುಗಳು ಸಡಿಲಗೊಂಡು ಕೆಮ್ಮಿದರೆ, ನಕ್ಕರೆ ಮೂತ್ರ ಸೋರುವುದುಂಟು. ಇದನ್ನು ಆಕೆ ಯಾರಿಗೂ ಹೇಳುವುದಿಲ್ಲ. ಸಿಜೇರಿಯನ್ ಆದವಳಿಗೆ ಏಳುವುದು, ಮಗ್ಗುಲಾಗುವುದು, ಮಗುವನ್ನು ಎತ್ತಿಕೊಳ್ಳುವುದು ವಾರಗಟ್ಟಲೆ ನೋವು. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಅಪಾಯ ಪ್ರತಿ ಸಿಜೇರಿಯನ್ನಿಗೂ ಏರುತ್ತದೆ.

ನಮ್ಮ ಬಾಣಂತನ ರೂಪುಗೊಂಡದ್ದು ಮೊದಲನೆಯವಳಿಗಾಗಿ: ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು, ಹೊಟ್ಟೆಗೆ ಬಟ್ಟೆ ಬಿಗಿಯುವುದು, ಬೆಚ್ಚನೆಯ ಕೋಣೆ, ಅಂಟಿನುಂಡೆ. ಹಸಿ ಹೊಲಿಗೆಯ ಮೇಲೆ ಎಣ್ಣೆ ಬೀಳಬಾರದು, ಬಟ್ಟೆ ಬಿಗಿಯುವ ಮುನ್ನ ಡಾಕ್ಟರನ್ನು ಕೇಳಬೇಕು. ನೀರು ಕಡಿಮೆ ಕುಡಿಸುವ ರೂಢಿಯಂತೂ ಇಬ್ಬರಿಗೂ ಕೆಡುಕು. ಮಲಬದ್ಧತೆಯಾದರೆ ಎರಡೂ ಬಗೆಯ ಹೊಲಿಗೆ ನೋಯುತ್ತದೆ. ಆದರೆ ಆ ಪದ್ಧತಿಯ ತಿರುಳು, ಅಂದರೆ ಬೇರೆಯವರು ಅಡುಗೆ ಮಾಡಿ ಹಾಕುವುದು, ತಾಯಿ ಮಲಗಿದಾಗ ಮಗುವನ್ನು ನೋಡಿಕೊಳ್ಳುವುದು, ಸಿಜೇರಿಯನ್ ಆದವಳಿಗೇ ಹೆಚ್ಚು ಬೇಕು.

ಅಂಥವರ ಸಂಖ್ಯೆ ಏರುತ್ತಲೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸಿಜೇರಿಯನ್ ಪ್ರಮಾಣ 2005–06ರಲ್ಲಿ ಶೇ. 8.5 ಇದ್ದದ್ದು 2019–21ಕ್ಕೆ ಶೇ. 21.5 ಆಯಿತು. ಕರ್ನಾಟಕದಲ್ಲಿ ಶೇ. 31.5, ಮಹಾರಾಷ್ಟ್ರದಲ್ಲಿ 25.4, ದೆಹಲಿಯಲ್ಲಿ 23.6, ತಮಿಳುನಾಡಿನಲ್ಲಿ 44.9, ತೆಲಂಗಾಣದಲ್ಲಿ 60.7. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3, ಖಾಸಗಿಯಲ್ಲಿ 47.4. ಹೆಣ್ಣಿನ ದೇಹ ಹೈದರಾಬಾದಿಗೊಂದು, ದೆಹಲಿಗೊಂದು ಇರುವುದಿಲ್ಲ. ಈ ಅಂತರಕ್ಕೆ ಕಾರಣವನ್ನು ಆಸ್ಪತ್ರೆಗಳಲ್ಲೂ ಹುಡುಕಬೇಕು.

ಕಾನೂನು ಮಾತ್ರ ಹೆರಿಗೆಯ ಬಗೆಯನ್ನು ಕೇಳುವುದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೊಟ್ಟ 12 ವಾರದ ಸಂಬಳಸಹಿತ ರಜೆ 2017ರಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರವಾಯಿತು. ಎರಡೂ ಬಗೆಯ ಹೆರಿಗೆಗೆ ಅಷ್ಟೇ. ಮನೆಗೆಲಸ, ಕೂಲಿ ಮಾಡುವವರಿಗೆ ಅದೂ ಇಲ್ಲ. ಅವರಲ್ಲಿ ‘ನಾರ್ಮಲ್’ ಆದವಳು ನಾರ್ಮಲ್ ಎಂಬ ಕಾರಣಕ್ಕೇ ಬೇಗ ಕೆಲಸಕ್ಕೆ ಹೋಗಬೇಕು. ಇತ್ತ ಸಿಜೇರಿಯನ್ ಆದವಳು ‘ನೋವು ತಿನ್ನದೆ ಹೆತ್ತವಳು’ ಎಂಬ ಕೊಂಕು ಕೇಳಬೇಕು. ಆ ಹೊಲಿಗೆ ಹಾಕಲು ಕಲಿಯುವವರೆಗೆ ಆಕೆಯಂಥವರು ಮನೆಗೆ ಮರಳುತ್ತಿದ್ದುದೇ ಅಪರೂಪ ಎಂಬುದು ಕೊಂಕು ಆಡುವವರಿಗೆ ತಿಳಿದಿರಲಿಕ್ಕಿಲ್ಲ.

‘ಹೆತ್ತಳು’, ‘ತೆಗೆದರು’ ಎಂದು ನಮ್ಮ ಮಾತು ಅವರನ್ನು ಬೇರೆ ಮಾಡುತ್ತದೆ. ‘ಬಾಣಂತಿ’ ಎಂಬ ಪದ ಮಗು ಯಾವ ದಾರಿಯಲ್ಲಿ ಬಂತೆಂದು ಕೇಳುವುದಿಲ್ಲ. ಅವಳು ಮಲಗಿದ್ದಾಳೆ, ಅವಳನ್ನು ನೋಡಿಕೊಳ್ಳಬೇಕು ಎಂದಷ್ಟೇ ಹೇಳುತ್ತದೆ.